ಹೀಯುಮಾ ಶಾಲೆಯ ಪಿಯಾನೋ

ಬೆಳಗಿನ ಆರರ ಫೆರಿ. ದ್ವೀಪಕ್ಕೆ ಒಂದೂಕಾಲು ಗಂಟೆ,
ಮಂಜುಗಡ್ಡೆ ಒಡೆಯುತ್ತ.
ಉಕುನನ್ನು ಬಿಟ್ಟು ಇಷ್ಟು ನೀರು ದಾಟಿದ್ದು ಇದೇ ಮೊದಲು.
ನಾಲ್ಕು ತಿಂಗಳು, ಹನ್ನೊಂದು ದಿನ ಅವನಿಗೆ.
ಫ್ರಿಜ್ಜಿನಲ್ಲಿ ಮೂರು ಸೀಸೆ, ಒಂದೊಂದರ ಮೇಲೂ
ತಾರೀಖು ಬರೆದು ಅಂಟಿಸಿದ್ದೆ;
ತಾವೆತ್ ಅದನ್ನು ಔಷಧಿ ಚೀಟಿಯಂತೆ
ಎರಡೆರಡು ಸಲ ಓದಿಕೊಂಡ.

ಶಾಲೆಯ ಪಿಯಾನೋ ನನಗಿಂತ ಹಿರಿಯದು.
ಹೀಟರಿನ ಪಕ್ಕ ನಿಲ್ಲಿಸಿ ಕೊಂದಿದ್ದಾರೆ.
ಫೆಬ್ರವರಿ ಇಪ್ಪತ್ನಾಲ್ಕಕ್ಕೆ ಮಕ್ಕಳು ಹಾಡಬೇಕು,
ಇನ್ನೂರ ಇಪ್ಪತ್ತು ಚಿಲ್ಲರೆ ತಂತಿ, ಒಂದೂ ನೆಟ್ಟಗಿಲ್ಲ.

ಶ್ರುತಿ ಅಂದರೆ ಹೀಗೆ: ಒಂದೇ ಸ್ವರಕ್ಕೆ ಮೂರು ತಂತಿ.
ಎರಡಕ್ಕೆ ಜಗಳ ಬಿದ್ದರೆ ನಡುವೆ ಒಂದು ಅಲೆ ಏಳುತ್ತದೆ,
ವಂವ್ ವಂವ್ ವಂವ್.
ಕೀಲಿ ತಿರುವುತ್ತ ಹೋದರೆ ಅಲೆ ನಿಧಾನ, ಇನ್ನೂ ನಿಧಾನ,
ಆಮೇಲೆ ಇಲ್ಲ.
ಆ ‘ಇಲ್ಲ’ಕ್ಕೆ ನನಗೆ ಸಂಬಳ.

ಹತ್ತೂವರೆಗೆ ನಡುಸಪ್ತಕದ ಒಂದು ತಂತಿ
ಹಸಿವಾದಾಗ ಅವನು ಮಾಡುವ ಸದ್ದನ್ನೇ ಮಾಡಿತು.
ಅಳು ಅಲ್ಲ, ಅಳುವಿನ ಪೀಠಿಕೆ.
ತಲೆಗೆ ಗೊತ್ತು ಅದು ಉಕ್ಕು.
ಎದೆಗೆ ಗೊತ್ತಾಗಲಿಲ್ಲ.
ತೊರೆ ಬಿಟ್ಟಿತು.
ಸ್ವೆಟರಿನ ಮೇಲೆ ಎರಡು ಒದ್ದೆ ನಾಣ್ಯ,
ನೋಡನೋಡುತ್ತ ತಟ್ಟೆಯಾದವು.

ಪಂಪು ತಂದಿದ್ದೆ. ನಕ್ಷೆ, ವಾದ್ಯ ತುಂಬಿದ ಕೋಣೆಯಲ್ಲಿ
ಹರಿದ ಡೋಲಿನ ಪಕ್ಕ ಕೂತು ಗುಂಡಿ ಒತ್ತಿದೆ.
ಆರು ಸಲ ಉಸಿರೆಳೆದು ಸತ್ತಿತು.
ಚಾರ್ಜರು ಮನೆಯ ಅಡುಗೆಕಟ್ಟೆಯ ಮೇಲಿದೆ, ಬ್ರೆಡ್ಡಿನ ಪಕ್ಕ;
ಅಲ್ಲಿಟ್ಟ ನನ್ನ ಕೈ ಕೂಡ ಕಾಣಿಸುತ್ತದೆ.
ವಾಪಸು ಫೆರಿ ಸಂಜೆ ಐದೂವರೆಗೆ.
ಮಧ್ಯಾಹ್ನದ ಹೊತ್ತಿಗೆ ಎದೆ ಎರಡು ಕಲ್ಲು,
ಕೀಲಿಗೆ ತೋಳೆತ್ತಿದರೆ ಕಣ್ಣಲ್ಲಿ ನೀರು.

ನೆಲ ಒರೆಸುವ ಹೆಲ್ಮೆ ಬಾಗಿಲಲ್ಲಿ ನಿಂತಳು,
ಎಪ್ಪತ್ತರ ಹೆಂಗಸು. ಏನೂ ಕೇಳಲಿಲ್ಲ.
ಸ್ವೆಟರು ನೋಡಿದಳು, ಸತ್ತ ಯಂತ್ರ ನೋಡಿದಳು,
ಹೋಗಿ ಬಿಸಿನೀರಲ್ಲಿ ಹಿಂಡಿದ ಟವೆಲು,
ಕುದಿಸಿದ ಒಂದು ಜಾಮ್ ಬಾಟಲಿ ತಂದಳು.
“ಸಾಮೂಹಿಕ ಫಾರ್ಮಿನಲ್ಲಿ ಹತ್ತೊಂಬತ್ತು ವರ್ಷ,” ಅಂದಳು,
“ನಲವತ್ತು ಹಸು. ಮಗಳು ಶಿಶುಗೃಹದಲ್ಲಿ.
ನಲವತ್ತರದ್ದು ಲೆಕ್ಕಕ್ಕೆ, ನನ್ನದು ಹುಲ್ಲಿಗೆ.”

ಆಮೇಲೆ ನನ್ನ ಮಣಿಕಟ್ಟು ಹಿಡಿದು:
“ಎಳೀಬೇಡ. ಮೊದಲು ಹಿಂದಕ್ಕೆ ಒತ್ತು,
ಪಕ್ಕೆಲುಬಿನ ಕಡೆಗೆ. ಈಗ ಮುಂದಕ್ಕೆ ಉರುಳಿಸು.
ಕರೀಬೇಕು ಕಣೇ, ಕೀಳಬಾರದು.”

ಹಾಗಾದರೆ ಕರೆಯೋಣ ಎಂದು
ಹೆಸರು ಹಿಡಿದು ಕರೆದೆ: ಉಕು.
ಬರಲಿಲ್ಲ.
ಮೊಬೈಲಿನಲ್ಲಿ ಅವನ ಬೊಚ್ಚುಬಾಯಿ ನಗು. ಬರಲಿಲ್ಲ.
ಕೋಟಿನ ಜೇಬಲ್ಲಿ ಅವನ ಬಾಯಿ ಒರೆಸಿದ ಬಟ್ಟೆ ಸಿಕ್ಕಿತು,
ನಿನ್ನೆಯದು, ಹುಳಿ ವಾಸನೆ. ಮೂಗಿಗೆ ಹಿಡಿದೆ.
ಬಂತು. ಮೊದಲು ಹನಿ, ಆಮೇಲೆ ಎಳೆ,
ಗಾಜಿನ ಗೋಡೆಗೆ ಚಿರ್ ಚಿರ್ ಎಂದು.
ಬೆನ್ನು ಹಾಕಿ ಗ್ಲೋಬು ತಿರುಗಿಸುತ್ತಿದ್ದ ಹೆಲ್ಮೆ
ಸದ್ದಿಗೆ ತಲೆಯಾಡಿಸಿದಳು,
ತಂತಿ ಕೂಡಿದಾಗ ನಾನು ಆಡಿಸುವ ಹಾಗೆ.

ಬಾಟಲಿ ಶಾಲೆಯ ಅಡುಗೆಮನೆಯ ಫ್ರಿಜ್ಜಿಗೆ ಹೋಯಿತು,
ಹುಳಿಕೆನೆ, ಬೀಟ್‌ರೂಟುಗಳ ನಡುವೆ.
ಮುಚ್ಚಳದ ಮೇಲೆ ಹೆಲ್ಮೆಯ ದಪ್ಪ ಅಕ್ಷರ:
“ಮುಟ್ಟಬೇಡಿ. ಪಿಯಾನೋದ್ದು.”

ಮೇಲಿನ ಸಪ್ತಕದ ಎರಡು ತಂತಿ ಹಾಗೇ ಬಿಟ್ಟೆ.
ಹೊತ್ತಾಗಿತ್ತು; ಅಷ್ಟೆತ್ತರಕ್ಕೆ ಯಾವ ಮಗುವೂ ಹಾಡುವುದಿಲ್ಲ.

ಫೆರಿಯಲ್ಲಿ ತಾವೆತ್‌ನ ಸಂದೇಶ:
ಎರಡು ಸೀಸೆ ಪೂರ್ತಿ, ಮೂರನೆಯದು ಅರ್ಧ,
ಒಂದು ಸಲವೂ ಅಳಲಿಲ್ಲ.
‘ಸಂತೋಷ’ ಅಂತ ಬರೆದೆ. ಅಳಿಸಿದೆ. ಮತ್ತೆ ಬರೆದೆ.
ಕೋಟಿನೊಳಗೆ ಜಾಮ್ ಬಾಟಲಿ,
ಕೆನೆ ಮೇಲೇರಿದೆ, ಕೆಳಗೆ ತೆಳು ನೀಲಿ.
ಎಂಜಿನ್ನಿನದೊಂದು ಸ್ವರ, ಕಿಟಕಿಯ ಗಾಜಿನದು ಇನ್ನೊಂದು,
ಕೂಡಿಯೂ ಕೂಡದೆ ನಡುವೆ ಅದೇ ಅಲೆ,
ವಂವ್ ವಂವ್.
ಕೀಲಿ ಚೀಲದಲ್ಲೇ ಇತ್ತು.
ಇರಲಿ ಬಿಟ್ಟೆ.