ಚಕ್ಕುಬಂದಿ

ಪೂರ್ವಕ್ಕೆ: ಸಬ್‌ರಿಜಿಸ್ಟ್ರಾರರ ಹಳೇ ಕಚೇರಿ, ಈಗ ಪಡಿತರದ ಗೋದಾಮು.
ಪಶ್ಚಿಮಕ್ಕೆ: ರೈಲು ಹಳಿ. ಸಾಕ್ಷಿ ಬಾಯಿ ತೆರೆದಾಗಲೇ
ಹಾದುಹೋಗುವ ಮಂಗಳೂರು ಲೋಕಲ್ಲು.
ದಕ್ಷಿಣಕ್ಕೆ: ಸರಕಾರಿ ಬಾವಿ. ವಾದಿ ಪ್ರತಿವಾದಿ
ಒಂದೇ ಹಗ್ಗದಲ್ಲಿ ಸೇದಿ ಕುಡಿದದ್ದು.
ಉತ್ತರಕ್ಕೆ...
ಉತ್ತರ ಆಮೇಲೆ ಬರೆಯುತ್ತೇನೆ.

ಈ ನಡುವಿನ ಹದಿನೆಂಟೂವರೆ ಸೆಂಟ್ಸಿನಲ್ಲಿ
ಬೈಲಂಗಡಿಯ ಮುನ್ಸೀಫ್ ಕೋರ್ಟು.
ಕಲ್ಲು ಇಲ್ಲಿಯದೇ, ಹಿಂದಿನ ಗುಡ್ಡ ಕಡಿದದ್ದು.
ತೆಗೆದ ದಿನ ಕತ್ತಿಗೂ ಮೆತ್ತಗೆ,
ಗಾಳಿ ಕುಡಿದಷ್ಟೂ ಗಟ್ಟಿ ಈ ಮುರಕಲ್ಲು.
ಇದೇ ಗುಣದ ಕಕ್ಷಿಗಾರರನ್ನು
ನಾನು ಬೇಕಷ್ಟು ನೋಡಿದ್ದೇನೆ.

ಮದರಾಸಿನ ನಕ್ಷೆಯಲ್ಲಿ ಕಮಾನು ಏಳು.
ಮೇಸ್ತ್ರಿ ಚಂದು ಮಣಿಯಾಣಿ ಐದು ಕಟ್ಟಿ
ಹಣ ಮುಗಿಯಿತು ಎಂದ.
ಉಳಿದೆರಡು ಗೋಡೆಯ ಮೇಲೆ
ಬರೀ ಗಾರೆಯ ಗೆರೆ,
ನಂಬದವರು ಹುಬ್ಬೇರಿಸಿದ ಹಾಗೆ.

ಪಂಖಾದ ಹಗ್ಗಕ್ಕೆಂದು ಕೊರೆದ ತೂತಿನಲ್ಲಿ
ಈಗ ಇಂಟರ್‌ನೆಟ್ಟಿನ ವಯರು.
ಸಾಕ್ಷಿಕಟ್ಟೆಯ ಹಲಸಿನ ಹಲಗೆ
ಎರಡು ಕಡೆ ಸವೆದಿದೆ, ಬಲಗೈಯ ಕಡೆ ಹೆಚ್ಚು.

ಇಪ್ಪತ್ತಾರು ವರ್ಷ ಇಲ್ಲಿ ತರ್ಜುಮೆದಾರ ನಾನು.
"ಯಾನ್ ತೂಯೆ" ಎಂದು ಸಾಕ್ಷಿ ಹೇಳಿದರೆ
"ಸದರಿ ಸಂಗತಿಯನ್ನು ನಾನು
ಕಣ್ಣಾರೆ ಕಂಡಿರುತ್ತೇನೆ" ಎಂದು ಬರೆದುಕೊಂಡೆ.
ಅಲ್ಲಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ.
ಕೊನೇ ಮೇಜು ಮುಟ್ಟುವಾಗ
ಕಂಡದ್ದು ಉಳಿದಿರುತ್ತಿತ್ತು, ಕಣ್ಣು ಇರುತ್ತಿರಲಿಲ್ಲ.

ಪಿಂಚಣಿಯಾದ ಮೇಲೆ ಮತ್ತೆ ಕರೆಸಿದರು.
ಕಟ್ಟಡ ಬೀಳುತ್ತದಂತೆ, ಕಡತಗಳು ಕಾಸರಗೋಡಿಗೆ.
ಕನ್ನಡದ ಕಟ್ಟು ಬಿಚ್ಚಿ
ಇದೇನು ಎಂದು ಹೇಳುವವರು ಬೇಕಿತ್ತು.

ಗೆದ್ದಲು ಅಂಚು ತಿಂದ ಒಂದು ಕಟ್ಟು.
ಅಸಲು ದಾವೆ ನಂಬ್ರ ನೂರ ಹನ್ನೆರಡು.
ವಾದಿ ಪಾತುಂಞಿ, ವಿಧವೆ,
ಕಲ್ತಪ್ಪ ಸುಟ್ಟು ಮಾರುವ ಕಸುಬು.
ಪ್ರತಿವಾದಿ ಸರಕಾರ.
ತಕರಾರು: ಇದೇ ಕೋರ್ಟಿನ ಆರನೇ ಮೆಟ್ಟಿಲು
ತನ್ನ ಜಾಗಕ್ಕೆ ಒಂದೂವರೆ ಮೊಳ ಬಂದಿದೆ.

ಒಂಬತ್ತು ವರ್ಷ ನಡೆಯಿತು. ಮೂವರು ಮುನ್ಸೀಫರು.
ಒಬ್ಬರು ಕೊಡೆ ಹಿಡಿದು ತಾವೇ ಇಳಿದು ಬಂದು
ಅಮೀನನ ಸರಪಳಿಯ ಇನ್ನೊಂದು ತುದಿ ಹಿಡಿದರಂತೆ.
ಪ್ರತಿ ವಾಯಿದೆಗೂ ಆಕೆ
ತನ್ನ ಮೆಟ್ಟಿಲು ಹತ್ತಿ, ಅವರ ಐದು ಹತ್ತಿ,
ಹೆಸರು ಕೂಗುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಮೂವತ್ತೆಂಟನೇ ಇಸವಿಯಲ್ಲಿ ಗೆದ್ದಳು.
ಕೆಡವಿದರೆ ಜನಕ್ಕೆ ತೊಂದರೆ, ಆದ್ದರಿಂದ
ಸರಕಾರವು ವಾದಿಗೂ ಆಕೆಯ ವಾರಸರಿಗೂ
ವರ್ಷಕ್ಕೆ ನಾಲ್ಕಾಣೆ ನೆಲಬಾಡಿಗೆ ಕೊಡತಕ್ಕದ್ದು.

ಕೊಟ್ಟಿದ್ದಾರೆ! ರಸೀದಿಗಳು ದಾರದಲ್ಲಿ ಪೋಣಿಸಿ ಇವೆ.
ಒಂದು ವರ್ಷದಿಂದ ಮುಂದಕ್ಕೆ
ಅಕ್ಷರ ಕನ್ನಡದಿಂದ ಮಲಯಾಳಕ್ಕೆ ತಿರುಗಿದೆ,
ಅಣೆ ಹೋಗಿ ಪೈಸೆ ಬಂದಿದೆ.
ಹೆಬ್ಬೆಟ್ಟು ಅದೇ.
ನಡುವೆ ಒಂದು ಗಾಯದ ಗೆರೆ, ಓಡಿನ ಬಿಸಿಯದೋ ಏನೋ.
ಆಮೇಲೆ ಮಗಳು ಐಸಾಬಿಯ ರುಜು, ಓರೆಯಾಗಿ.
ಎಂಬತ್ತಮೂರರ ನಂತರ ದಾರ ಖಾಲಿ.

ಕೆಡಹುವ ಕಂತ್ರಾಟುದಾರನಿಗೆ ಪಟ್ಟಿ ಕೊಟ್ಟೆ:
ಹಂಚು, ಪಕ್ಕಾಸು, ಬಾಗಿಲು, ಮೆಟ್ಟಿಲು ಐದು.
"ಆರಲ್ಲವಾ ಮಾಷೇ?" ಎಂದ.
ಆರನೆಯದು ಸರಕಾರದ್ದಲ್ಲ ಎಂದೆ.
ನಕ್ಕ. ತೀರ್ಪು ಓದಿದೆ, ಅವನ ಭಾಷೆಗೆ ತಿರುಗಿಸುತ್ತಾ.
ಪಾತುಂಞಿಯ ಹೆಸರು ಬಂದಾಗ ಯಾಕೋ
ತಲೆಯ ಮೇಲಿನ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟ.

ಬಿಟ್ಟು ಹೋಗಿದ್ದಾನೆ.
ಬಯಲಿನ ಅಂಚಿನಲ್ಲಿ ಒಂದೇ ಒಂದು ಮೆಟ್ಟಿಲು.
ಏರಿದರೆ ಮುಂದಿನದಕ್ಕೆ ಕಾಲು ಸಿಗುವುದಿಲ್ಲ.
ಬಸ್ಸಿಗೆ ಕಾಯುವವರು ಕೂರುತ್ತಾರೆ.

ಉತ್ತರಕ್ಕೆ: ಪಾತುಂಞಿಯ ಸ್ವಂತ ಜಾಗ.
ಬಾಕಿ ನಲವತ್ತೊಂದು ವರ್ಷದ್ದು,
ಹತ್ತು ರೂಪಾಯಿ ಇಪ್ಪತ್ತೈದು ಪೈಸೆ.
ಹತ್ತರ ಒಂದು ನಾಣ್ಯ ನನ್ನ ಜೇಬಿನಲ್ಲೇ ಇತ್ತು.
ಉಳಿದ ನಾಲ್ಕಾಣೆ
ಈಗ ಎಲ್ಲೂ ನಡೆಯುವುದಿಲ್ಲ.