ಬರುವ ಸೇತುವೆ

ಕೋಡಿಬಾಗದ ಈ ಹೊಲಿಗೆಯಂಗಡಿಯಲ್ಲಿ
ನನ್ನ ಪಾಲಿಗೆ ಬರುವುದು ಅಂಚು, ಗುಂಡಿ, ಕಾಜ,
ಮತ್ತೆ ಸಂಜೆ ಗುಡಿಸುವಾಗ ಸಿಕ್ಕಿದ್ದೆಲ್ಲ.

ನೇವಿಯವರ ಬಿಳೀ ಡ್ರಿಲ್ಲು, ಕಾನ್ವೆಂಟಿನ ನೀಲಿ ಚೌಕಳಿ,
ಯಾರದೋ ಸೀಮಂತದ ರವಿಕೆಯಲ್ಲಿ ಉಳಿದ ಹಸಿರು ತೋಳು,
ಗೋವಾ ಬಸ್ಸಿನ ಪರದೆಯದೊಂದು ಗೇಣು ಕೆಂಪು.
ವರ್ಷವಿಡೀ ಚೀಲಕ್ಕೆ ತುರುಕಿದೆ.
ಮಾರುತ್ತೀಯೇನೇ ಶೇವಂತಿ? ಕೇಳಿದರು ಸೂರ್ಯಕಾಂತ ಮಾಸ್ತರರು.
ಕೌದಿ, ಎಂದೆ. ತಂಗಿಯ ಮಗಳಿಗೆ.
ಮುನ್ನೂರಕ್ಕೆ ರಗ್ಗು ಸಿಗ್ತದಲ್ಲ ಮಾರ್ಕೆಟ್ಟಿನಲ್ಲಿ?
ಸಿಗ್ತದೆ. ಅದರ ಮೇಲೆ ಹುಲಿ ಇರ್ತದೆ.
ಆ ಹುಲಿಗೆ ಹೇಳಲಿಕ್ಕೆ ಏನೂ ಇರುವುದಿಲ್ಲ.

ಸೇತುವೆ ಬಿದ್ದ ರಾತ್ರಿಯಿಂದ ಉರ್ವಿಗೆ ನಿದ್ದೆಯಿಲ್ಲ.
ಕಾಳಿಗೆ ಎರಡಿದ್ದವು:
ಹೋಗುವುದಕ್ಕೊಂದು, ಬರುವುದಕ್ಕೊಂದು.
ಬಿದ್ದದ್ದು ಬರುವುದು.
ಅವಳಮ್ಮ ಬೆಳಿಗ್ಗೆ ಆರಕ್ಕೆ
ವೆರ್ಣೆಯ ಮಾತ್ರೆ ಫ್ಯಾಕ್ಟರಿಗೆ ಹೊರಡುತ್ತಾಳೆ.
ಹೋಗುವುದು ಇದೆ ಮಾವ್ಶಿ,
ಬರುವುದು ಯಾವುದರಲ್ಲಿ?
ಒಂದರ ಮೇಲೇ ಹೋಗಿ ಬರ್ತಾರೆ ಪುಟ್ಟಾ, ಎಂದೆ.
ಐದು ವರ್ಷದ ಮುಖ ನನ್ನನ್ನೇ ನೋಡಿತು,
ಅಳತೆ ತಪ್ಪಿದ ಅಂಗಿ ತಂದು ನಿಂತ ಗಿರಾಕಿಯ ಹಾಗೆ.

ಹರವಿದೆ ಅಮ್ಮನ ಎರಡು ಸೀರೆ, ಒಂದರ ಮೇಲೊಂದು,
ಕಾಷ್ಟ ಕಟ್ಟಿ ಕಟ್ಟಿ ನಡು ಸವೆದವು.
(ಅಮ್ಮ ಇದಕ್ಕೆ ವಾಕಳ ಎನ್ನುತ್ತಿದ್ದಳು;
ಸತ್ತ ಬಟ್ಟೆ ಇದರಲ್ಲಿ ಬೆಚ್ಚಗಿರ್ತದೆ ಎನ್ನುತ್ತಿದ್ದಳು.)
ಅಂಚಿನಿಂದ ಶುರುಮಾಡಿ ಒಳಕ್ಕೆ, ಒಳಕ್ಕೆ.
ಮೂಲೆಗೆ ಸದಾಶಿವಗಡ: ಕಂದು ಪ್ಯಾಂಟಿನ ಮೊಣಕಾಲು.
ದೇವಗಡದ ದೀಪಸ್ತಂಭಕ್ಕೆ ನೇವಿಯ ಬಿಳಿ,
ನೆತ್ತಿಗೊಂದು ಹಿತ್ತಾಳೆ ಗುಂಡಿ.
ಕಾಳಿಗೆ ಹಸಿರು ತೋಳನ್ನು ಬಿಚ್ಚಿ ಹಾಸಿದೆ.
ಚೌಕಳಿಯ ಸಮುದ್ರಕ್ಕೆ ಮಾತ್ರ ತೆರೆ ಬರಲಿಲ್ಲ,
ಲೆಕ್ಕದ ಪುಸ್ತಕದ ಹಾಗೆ ಶಿಸ್ತಾಗಿ ನಿಂತಿತು.

ಸೇತುವೆ ಎರಡನ್ನೂ ಹೊಲಿದೆ, ಬೂದು ಲೈನಿಂಗಿನಲ್ಲಿ,
ಈಚೆಯಿಂದ ಆಚೆಯವರೆಗೆ, ಗಟ್ಟಿಯಾಗಿ.
ಉರ್ವಿ ಎರಡು ಬೆರಳಲ್ಲಿ ನಡೆದುಕೊಂಡು ಹೋದಳು.
ಎರಡನೆಯದರ ನಡುವೆ ನಿಂತಳು.
ಇದು ಸುಳ್ಳು.
ಬಿಚ್ಚು.

ಮೂರು ಸಂಜೆಯ ಕೆಲಸ, ಬಿಚ್ಚಿದೆ.
ತುಂಡುಗಳನ್ನು ಅವಳೇ ನೀರಿನಲ್ಲಿಟ್ಟಳು, ಅಡ್ಡಡ್ಡ,
ತೋರಿಸಿದಲ್ಲಿ ನಾನು ಚುಚ್ಚುತ್ತ ಹೋದೆ.
ಇದರ ಕೆಳಗೆ ಈಗ ನೋಗ್ಲಿಗಳ ಶಾಲೆ, ಎಂದಳು.
ಶೆಟ್ಲಿಗೆ ದಿನಾ ಬೈಗುಳ, ಬೆನ್ನು ನೆಟ್ಟಗೆ ಮಾಡೆಂದು.
ಏಡಿ ಅಡ್ಡಕ್ಕೇ ಬರೆಯುತ್ತದೆ,
ಆದರೂ ನೂರಕ್ಕೆ ನೂರು.
ಯಾಕೆ?
ಟೀಚರೂ ಏಡಿ.
ಸೂಜಿಯನ್ನು ತುಟಿಯಲ್ಲಿ ಕಚ್ಚಿ
ಕೇಳುತ್ತ ಕೂತೆ. ನಗಲಿಕ್ಕೂ ಆಗಲಿಲ್ಲ.

ಉಳಿದದ್ದು ಕೆಂಪು. ನಾಲ್ಕು ಕಿಟಕಿಯ ಬಸ್ಸು ಕತ್ತರಿಸಿ
ಉಳಿದ ಸೇತುವೆಯ ಮೇಲಿಟ್ಟೆ.
ಹೊಲೀಬೇಡ ಮಾವ್ಶಿ, ಹೊಲಿದರೆ ಅಲ್ಲೇ ಇರ್ತದೆ.
ಹೌದಲ್ಲ.
ಇಪ್ಪತ್ತೆರಡು ವರ್ಷ ಹೊಲಿದ ಕೈಗೆ
ಹೊಲಿಯದೆ ಬಿಡುವುದನ್ನು ಯಾರೂ ಕಲಿಸಿರಲಿಲ್ಲ.
ಬಸ್ಸಿಗೊಂದು ಕಾಜ ಮಾಡಿದೆ,
ಈ ದಡಕ್ಕೊಂದು ಗುಂಡಿ, ಆ ದಡಕ್ಕೊಂದು.

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ದಾಟಿಸುತ್ತಾಳೆ.
ರಾತ್ರಿ ಗೇಟಿನ ಚಿಲಕ ಕೇಳಿದ ಮೇಲೆ
ಈಚೆಗೆ ತಂದು ಗುಂಡಿ ಹಾಕಿ ಮಗ್ಗುಲಾಗುತ್ತಾಳೆ.

ನಿನ್ನೆ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲಂತೆ.
ಹತ್ತೂವರೆಯಾದರೂ ತಂಗಿ ಇಲ್ಲ, ಫೋನು ಸತ್ತಿದೆ.
ಯಾಕೋ ಕೌದಿ ನೋಡಿದೆ:
ಆ ದಡದಲ್ಲಿ ಬಸ್ಸಿಲ್ಲ.
ಈ ದಡದಲ್ಲೂ ಇಲ್ಲ.
ಎರಡು ಗುಂಡಿ ಮಾತ್ರ, ರೆಪ್ಪೆ ಬಡಿಯದೆ.

ಹನ್ನೊಂದಕ್ಕೆ ಚಪ್ಪಲಿ ಬಿಟ್ಟ ಸದ್ದು.
ಮೈಯೆಲ್ಲ ಮಾತ್ರೆಯ ಕಹಿ ವಾಸನೆ, ತಂಗಿ ಬಂದು ಬಗ್ಗಿದಳು,
ಮೊಬೈಲ್ ಬೆಳಕು ಹಿಡಿದು ಇಬ್ಬರೂ ಹುಡುಕಿದೆವು.
ಮುಷ್ಟಿಯಲ್ಲಿತ್ತು.
ಬೆವರಿಗೆ ಒದ್ದೆಯಾಗಿ, ಬೆರಳಿಗೆಲ್ಲ ಕೆಂಪು ಬಿಟ್ಟು.
ಬಿಡಿಸಬೇಡ, ಎಂದಳು ತಂಗಿ.
ಬಿಡಿಸಬೇಕಲ್ಲೇ, ಎಂದೆ,
ಬೆಳಿಗ್ಗೆ ಆರಕ್ಕೆ ಅದಕ್ಕೆ ಹೋಗಲಿಕ್ಕಿದೆ.