ಹನ್ನೊಂದನೇ ಟ್ಯೂಬು

ಬದಿಯಡ್ಕದ ಆಸ್ಪತ್ರೆಯ ಎರಡನೇ ಕೋಣೆಯಲ್ಲಿ
ರಬ್ಬರು ಪಟ್ಟಿ ಬಿಗಿಯುವುದು ನನ್ನ ಕೆಲಸ.
ಐತ್ತಪ್ಪಣ್ಣನ ತೋಳಿಗೆ, "ಬೇನೆ ಆಪುಂಡಾ?"
ಕುಂಞಾಮಿನ ಉಮ್ಮನಿಗೆ, "ವೇದನಯುಂಡೋ?"
ಶೆಣೈ ಮಾಸ್ತರರಿಗೆ, "ದೂಕ್ತಾವೇ?"
ರಿಜಿಸ್ಟರಿನಲ್ಲಿ ಬರೆಯುವುದು ಮಲಯಾಳ,
ಟ್ಯೂಬು ಎಣಿಸುವುದು, ಒಳಗೊಳಗೇ, ಕನ್ನಡ:
ಎಂಟು, ಒಂಬತ್ತು, ಹತ್ತು.

ಪೆರಿಯದಿಂದ ಬಂದ ಶಾಹಿದಾ
ಐಸ್ ಪೆಟ್ಟಿಯ ಮೇಲೆ ಕೂತು ಹೇಳಿದಳು:
ಎಲ್ಲ ಕಣದಲ್ಲೂ ಒಂದೇ ಪುಸ್ತಕ, ಅಕ್ಕಾ,
ಪೂರ್ತಿ ಓದುವವರು ಯಾರೂ ಇಲ್ಲ.
ಬಿ ಕಣಕ್ಕೆ ಕೆಲವು ಪುಟ, ಟಿ ಕಣಕ್ಕೆ ಬೇರೆ.
ಈ ಗಳಿಗೆ ಯಾವುದು ಯಾವ ಸಾಲನ್ನು
ಬಾಯಿಬಿಟ್ಟು ಓದುತ್ತಿದೆ, ಎಷ್ಟು ಸಲ,
ಅಷ್ಟನ್ನೇ ಬರೆದುಕೊಳ್ಳುತ್ತೇವೆ.
ಅದೇ ನಮ್ಮ ನಕ್ಷೆ.

"ಕೆಂಪು ಕಣ?"
"ಅದು ಪುಸ್ತಕವನ್ನೇ ಬಿಸಾಡಿದೆ.
ಉಸಿರು ಹೊರಲಿಕ್ಕೆ ಜಾಗ ಬೇಕಲ್ಲ."

ಇನ್ನೊಂದಿದೆಯಂತೆ. ಚಿಕ್ಕಂದಿನ ಕೋಟಲೆಯನ್ನು
ನೆನಪಿಟ್ಟುಕೊಂಡು ಸುಮ್ಮನೆ ತಿರುಗುತ್ತಿರುತ್ತದೆ,
ಅದೇ ಜ್ವರ ಮತ್ತೆ ಬಾಗಿಲಿಗೆ ಬಂದರೆ ಮಾತ್ರ
ಬಾಯಿ ತೆರೆಯುತ್ತದೆ.

ಮಾತು ಬೇಗ ಹಳಸುತ್ತದೆ.
ನಾಲ್ಕರೊಳಗೆ ಮುಟ್ಟದಿದ್ದರೆ
ಟ್ಯೂಬಿನಲ್ಲಿ ರಕ್ತ ಇರುತ್ತದೆ,
ಅದು ಆಡಿದ್ದು ಇರುವುದಿಲ್ಲ.
ಚೆರ್ಕಳದಲ್ಲಿ ಹೆದ್ದಾರಿ ಅಗೆದು ಹಾಕಿದ್ದಾರೆ,
ಆಟೋದವನು ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ,
ಹನ್ನೊಂದನೆಯವರು ಬರಲೇ ಇಲ್ಲ.

"ನನ್ನದು ಆಗುತ್ತದಾ?" ಎಂದೆ.

ಪಟ್ಟಿಯ ತುದಿ ಹಲ್ಲಿನಲ್ಲಿ, ಸೂಜಿ ಬಲಗೈಯಲ್ಲಿ.
ಹತ್ತೊಂಬತ್ತು ವರ್ಷ ಊರಿಡೀ ನರ ಹುಡುಕಿದವಳಿಗೆ
ತನ್ನದೇ ತಪ್ಪಿಹೋಯಿತು.
"ಆಯೀ!"

ಅಜ್ಜಿ ತೀರಿದ ಮೇಲೆ ನಮ್ಮ ಮನೆಯಲ್ಲಿ
ಮರಾಟಿ ಆಡಿದವರಿಲ್ಲ.
ಮೂರನೇ ಕ್ಲಾಸಿನಲ್ಲಿ ಯಾರೋ ನಕ್ಕರೆಂದು
ನಾನೇ ಮಡಚಿಟ್ಟ ಪುಟ ಅದು.

"ಏನಂದ್ರಿ ಅಕ್ಕಾ?"
"ಏನಿಲ್ಲ ಮಾರಾಯ್ತಿ, ಹತ್ತಿ ಕೊಡು."

ಎರಡನೇ ಸಲ ಸಿಕ್ಕಿತು. ಟ್ಯೂಬು ತುಂಬಿತು.
ಹೆಸರಿಲ್ಲದ ಚೀಟಿ, ಬರೀ ಸಂಖ್ಯೆ,
ಮೂರೂಕಾಲಿಗೆ ಆಟೋ ಧೂಳೆಬ್ಬಿಸಿ ಹೋಯಿತು.
ಮುಟ್ಟಿತೋ ಇಲ್ಲವೋ, ಅವಳು ಫೋನು ಮಾಡಲಿಲ್ಲ.

ಮರುದಿನ ಕಾಟುಕುಕ್ಕೆಯ ಮುದುಕಿಯೊಬ್ಬಳು,
ಚೀಟಿಯಲ್ಲಿ ದೇವಕು ನಾಯ್ಕ ಎಂದಿತ್ತು.
ಪಟ್ಟಿ ಬಿಗಿದೆ. ಕೇಳಬೇಕೆಂದು
ನಾಲಗೆ ಅಂಗುಳಕ್ಕೆ ತಾಗಿಸಿ
ತುಸು ಹೊತ್ತು ನಿಂತೆ.
ಶಬ್ದ ಬರಲಿಲ್ಲ.
"ನೋವಾಯ್ತಾ?" ಎಂದೆ ಕನ್ನಡದಲ್ಲಿ.

ಇಲ್ಲ ಎಂದು ಅವಳು ತಲೆಯಾಡಿಸಿದಳು.